ಗೂಡಿನ ಅಂಚಿನ ಮೊಟ್ಟೆ

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುನ್ನ ಒಂದು ಸಣ್ಣ ಕೆಲಸವಿದೆ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಮ್ಮನವರೇ, ಸ್ವಲ್ಪ ಅಂಗೈ ಚಾಚುತ್ತೀರಾ? ಇಗೋ, ಹತ್ತು ರೂಪಾಯಿಯ ಮೂರು ನಾಣ್ಯಗಳು. ಮುಷ್ಟಿ ಮುಚ್ಚಬೇಡಿ, ಹಾಗೇ ತೂಗಿ ನೋಡಿ. ಸುಮಾರು ಇಪ್ಪತ್ತಮೂರು ಗ್ರಾಂ. ನಾನು ಇವತ್ತು ಹೇಳಲು ಹೊರಟಿರುವ ಹಕ್ಕಿಯ ತೂಕ ಹೆಚ್ಚುಕಡಿಮೆ ಅಷ್ಟೇ. 1980ರಲ್ಲಿ ಆ ಜಾತಿಯ ಹಕ್ಕಿಗಳಷ್ಟನ್ನೂ ಹಿಡಿದು ಒಂದೇ ತಕ್ಕಡಿಗೆ ಹಾಕಿದ್ದರೆ, ನಾವು ಅಂಗಡಿಯಿಂದ ತರುವ ನೂರು ಗ್ರಾಂ ಕಾಫಿಪುಡಿಯ ಪೊಟ್ಟಣಕ್ಕಿಂತ ತುಸುವೇ ಹೆಚ್ಚು ತೂಗುತ್ತಿದ್ದವು. ಇಡೀ ಭೂಮಿಯ ಮೇಲೆ ಉಳಿದಿದ್ದದ್ದು ಐದೇ ಹಕ್ಕಿ.

ಇಂಗ್ಲಿಷಿನಲ್ಲಿ ಅದನ್ನು ಬ್ಲ್ಯಾಕ್ ರಾಬಿನ್ ಎನ್ನುತ್ತಾರೆ. ಹೆಸರು ಕೇಳಿ ನಮ್ಮ ಮಡಿವಾಳ ಹಕ್ಕಿಯ ನೆಂಟನಿರಬೇಕು ಎಂದುಕೊಳ್ಳಬೇಡಿ, ಸಂಬಂಧವಿಲ್ಲ. ಯುರೋಪಿನಿಂದ ವಲಸೆ ಹೋದವರು ಊರಿನ ನೆನಪಿಗೆ ಸಿಕ್ಕ ಸಿಕ್ಕ ಪುಟ್ಟ ಹಕ್ಕಿಗೆಲ್ಲ ರಾಬಿನ್ ಎಂದು ಹೆಸರಿಟ್ಟುಬಿಟ್ಟರು. ಆ ದ್ವೀಪಗಳ ಮೂಲ ನಿವಾಸಿಗಳಾದ ಮೊರಿಯೊರಿ ಜನರ ಬಾಯಲ್ಲಿ ಅದರ ಹೆಸರು ಕರೂರೆ. ನನಗೆ ಈ ಹೆಸರೇ ಇಷ್ಟ. ‘ಕರಿ’ ಎಂಬ ನಮ್ಮ ಮಾತು ಅದರಲ್ಲಿ ಸುಮ್ಮನೆ ಕೇಳಿಸುತ್ತದೆ. ಕೇವಲ ಕಾಕತಾಳೀಯ, ಆದರೂ ಹಕ್ಕಿ ಮಾತ್ರ ನಿಜಕ್ಕೂ ಕಾಡಿಗೆಯಷ್ಟು ಕಪ್ಪು. ಗಂಡೂ ಹಾಗೇ, ಹೆಣ್ಣೂ ಹಾಗೇ. ಕೊಕ್ಕಿನಿಂದ ಬಾಲದವರೆಗೆ ಒಂದು ಗೇಣಿಗಿಂತ ಕಡಿಮೆ ಉದ್ದ. ಕಾಡಿನ ನೆರಳಿನಲ್ಲಿ, ತರಗೆಲೆಯ ನಡುವೆ ಹುಳುಹುಪ್ಪಟೆ ಹೆಕ್ಕಿಕೊಂಡಿರುವ ಹಕ್ಕಿ ಇದು. ಗಂಡಿನ ಹಾಡು ಐದಾರು ಸ್ವರಗಳ ಒಂದು ಪುಟ್ಟ ಪಲ್ಲವಿ. ಮನುಷ್ಯರೆಂದರೆ ಹೆದರಿಕೆಯಿಲ್ಲ. ಬಯಲೆಂದರೆ ಹೆದರಿಕೆ. ಎದುರಿಗೇ ಇನ್ನೊಂದು ದ್ವೀಪ ಕಾಣುತ್ತಿದ್ದರೂ ನಡುವಿನ ನೀರು ದಾಟಿ ಹೋಗುವ ಸ್ವಭಾವ ಇದಕ್ಕಿಲ್ಲ. ಈ ಒಂದು ಸ್ವಭಾವವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರು ಯಾವುದು? ನ್ಯೂಜಿಲೆಂಡಿನಿಂದ ಪೂರ್ವಕ್ಕೆ ಸುಮಾರು ಎಂಟುನೂರು ಕಿಲೋಮೀಟರ್ ಸಮುದ್ರ ದಾಟಿದರೆ ಚಾಥಮ್ ದ್ವೀಪಗಳು ಸಿಗುತ್ತವೆ. ಅಲ್ಲಿನ ಗಡಿಯಾರ ನ್ಯೂಜಿಲೆಂಡಿಗಿಂತ ನಲವತ್ತೈದು ನಿಮಿಷ ಮುಂದೆ. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ, ಮುಕ್ಕಾಲು ಗಂಟೆ! ಜನ ವಾಸ ಮಾಡುವುದು ಎರಡೇ ದ್ವೀಪಗಳಲ್ಲಿ, ಚಾಥಮ್ ಮತ್ತು ಪಿಟ್. ಉಳಿದವು ಗಾಳಿಗೆ ಮೈಯೊಡ್ಡಿ ನಿಂತ ಬಂಡೆಗಳು, ಗುಡ್ಡಗಳು. ಅವುಗಳಲ್ಲಿ ಮೂರರ ಹೆಸರು ನಮಗೆ ಬೇಕು: ಮಾಂಗೆರೆ, ಅದರ ಪಕ್ಕದಲ್ಲೇ ಕಂಬದಂತೆ ಎದ್ದಿರುವ ಲಿಟಲ್ ಮಾಂಗೆರೆ, ಮತ್ತು ಪಿಟ್ ದ್ವೀಪದ ಆಚೆ ಬದಿಗಿರುವ ರಂಗಟೀರ. ನಾನು ಅಲ್ಲಿಗೆ ಹೋಗಿಲ್ಲ. ಹೋಗುತ್ತೇನೆಂದರೂ ಹಕ್ಕಿಯ ದ್ವೀಪಕ್ಕೆ ಕಾಲಿಡಲು ಬಿಡುವುದಿಲ್ಲ. ಅನುಮತಿ ಪತ್ರವಿದ್ದ ಕೆಲಸಗಾರರಿಗೆ ಮಾತ್ರ ಪ್ರವೇಶ. ನಾನು ಹೇಳುವುದೆಲ್ಲ ಓದಿ ತಿಳಿದದ್ದು, ನಲವತ್ತು ವರ್ಷ ಪಾಠ ಹೇಳಿದ ಚಟದಿಂದ ಹೇಳುತ್ತಿರುವುದು.

ವಿಜ್ಞಾನದ ಪುಸ್ತಕಕ್ಕೆ ಈ ಹಕ್ಕಿಯ ಹೆಸರು ಸೇರಿದ್ದು 1872ರಲ್ಲಿ. ಅಲ್ಲಿಂದ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಲಿಟಲ್ ಮಾಂಗೆರೆ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಇಲ್ಲವಾಗಿತ್ತು. ಹೇಗೆ? ಇದಕ್ಕೆ ನಮ್ಮಲ್ಲೇ ಒಂದು ಕಥೆಯಿದೆ, ನಿಮಗೆಲ್ಲ ಗೊತ್ತು. ಸನ್ಯಾಸಿಯ ಕೌಪೀನವನ್ನು ಇಲಿ ಕಡಿಯಿತು. ಇಲಿಗೆಂದು ಬೆಕ್ಕು ಸಾಕಿದ. ಬೆಕ್ಕಿನ ಹಾಲಿಗೆ ಹಸು ತಂದ. ಹಸು ನೋಡಿಕೊಳ್ಳಲು ಮದುವೆಯಾದ. ಮಾಂಗೆರೆಯಲ್ಲೂ ಅದೇ ನಡೆಯಿತು. ಕಾಡು ಕಡಿದು ಕುರಿ ಬಿಟ್ಟರು. ಮೊಲಗಳು ಬಂದು ಹುಲ್ಲು ತಿನ್ನತೊಡಗಿದವು. ಮೊಲ ಹಿಡಿಯಲಿ ಎಂದು ಬೆಕ್ಕು ಬಿಟ್ಟರು. ಮನುಷ್ಯನ ಕಾಲ ಬುಡದಲ್ಲೇ ಹೆದರದೆ ಕುಪ್ಪಳಿಸುವ ಹಕ್ಕಿಯಿರುವಾಗ ಬೆಕ್ಕಿಗೆ ಮೊಲದ ಹಿಂದೆ ಓಡುವ ಕರ್ಮವೇನು? ಹಕ್ಕಿಗಳು ಮುಗಿದವು. ದೊಡ್ಡ ದ್ವೀಪಗಳಲ್ಲಂತೂ ಬೆಕ್ಕಿನ ಜೊತೆಗೆ ಹಡಗಿನಲ್ಲಿ ಬಂದ ಇಲಿಗಳೂ ಇದ್ದವು.

ಲಿಟಲ್ ಮಾಂಗೆರೆಗೆ ಬೆಕ್ಕು ಹತ್ತಲಾಗಲಿಲ್ಲ. ಸುತ್ತಲೂ ಕಡಿದಾದ ಬಂಡೆ. ನೆತ್ತಿಯ ಮೇಲೆ ಕೆಲವೇ ಎಕರೆಯ ಗಿಡ್ಡ ಕಾಡು. ಒಂದು ದೊಡ್ಡ ತೆಂಗಿನ ತೋಟದಷ್ಟು ಎನ್ನಿ. ಒಂದು ಜಾತಿಯ ಪೂರ್ತಿ ಭವಿಷ್ಯ ಏಳು ದಶಕಗಳ ಕಾಲ ಅಷ್ಟು ಜಾಗದಲ್ಲಿ ನಡೆಯಿತು. 1938ರಲ್ಲಿ ಚಾರ್ಲ್ಸ್ ಫ್ಲೆಮಿಂಗ್ ಎಂಬ ತರುಣ ವಿಜ್ಞಾನಿ ಗೆಳೆಯರೊಂದಿಗೆ ಆ ಬಂಡೆ ಹತ್ತಿ, ಹಕ್ಕಿ ಇನ್ನೂ ಇದೆ, ಇಪ್ಪತ್ತರಿಂದ ಮೂವತ್ತೈದು ಜೋಡಿ ಇರಬಹುದು ಎಂದು ವರದಿ ಬರೆದರು. ಆಮೇಲೆ ಬಹಳ ಕಾಲ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1970ರ ದಶಕದ ಆರಂಭದಲ್ಲಿ ಎಣಿಸಿದಾಗ ಸಿಕ್ಕದ್ದು ಹದಿನೆಂಟು. 1976ರಲ್ಲಿ ಏಳು. ನೆತ್ತಿಯ ಮೇಲಿನ ಕಾಡೇ ಬಳ್ಳಿ ಹಬ್ಬಿ, ಗಾಳಿಗೆ ಸಿಕ್ಕಿ, ಸಾಯುತ್ತಿತ್ತು. ಪಕ್ಕದ ಮಾಂಗೆರೆ ಕಣ್ಣಳತೆಯಲ್ಲಿತ್ತು, ಅಲ್ಲಿ ಬೆಕ್ಕುಗಳೂ ಅಷ್ಟುಹೊತ್ತಿಗೆ ಸತ್ತು ಹೋಗಿದ್ದವು. ಆದರೆ ಹಕ್ಕಿ ನೀರು ದಾಟುವುದಿಲ್ಲವಲ್ಲ!

ಸರಿ, ಮನುಷ್ಯರೇ ದಾಟಿಸಿದರು. ಮಾಂಗೆರೆಯನ್ನು ಸರ್ಕಾರ ಕೊಂಡು, ಕುರಿಗಳನ್ನು ತೆಗೆಸಿ, ಅಲ್ಲಿನದೇ ಜಾತಿಯ ಅಕೆಅಕೆ ಎಂಬ ಮರದ ಸಸಿಗಳನ್ನು ನೆಡಲಾಗಿತ್ತು, ಒಟ್ಟು 1,20,000 ಸಸಿ. 1976ರ ಸೆಪ್ಟೆಂಬರಿನಲ್ಲಿ ವನ್ಯಜೀವಿ ಇಲಾಖೆಯ ಡಾನ್ ಮರ್ಟನ್ ಮತ್ತು ಸಂಗಡಿಗರು ಹಕ್ಕಿಗಳನ್ನು ಹಿಡಿದು, ಪೆಟ್ಟಿಗೆಯಲ್ಲಿಟ್ಟು, ಬೆನ್ನಿಗೆ ಕಟ್ಟಿಕೊಂಡು ಆ ಬಂಡೆ ಇಳಿದರು. ಮೊದಲ ಸಲ ಐದು ಹಕ್ಕಿ, ಆಮೇಲೆ ಉಳಿದೆರಡು. ಏಳರಲ್ಲಿ ಹೆಣ್ಣು ಎರಡೇ. ನಾನು ಈ ಭಾಗ ಓದುವಾಗಲೆಲ್ಲ ಹಗ್ಗ ಹಿಡಿದು ಇಳಿಯುತ್ತಿರುವ ಆ ಮನುಷ್ಯನ ಕಾಲಿನ ಬಗ್ಗೆ ಯೋಚಿಸುತ್ತೇನೆ. ಒಂದು ಹೆಜ್ಜೆ ಜಾರಿದ್ದರೆ?

ಈಗ ಕಥೆಯ ನಾಯಕಿ ಬರುತ್ತಾಳೆ. ಹಕ್ಕಿಗಳನ್ನು ಒಂದರಿಂದೊಂದು ಗುರುತಿಸಲು ಕಾಲಿಗೆ ಬಣ್ಣದ ಉಂಗುರ ತೊಡಿಸುತ್ತಾರೆ. ಒಂದು ಹೆಣ್ಣಿನ ಕಾಲುಂಗುರ ನೀಲಿ. ವಯಸ್ಸಾಗಿದ್ದರಿಂದ ಓಲ್ಡ್ ಬ್ಲೂ ಎಂದು ಕರೆದರು. ನಾನು ಅವಳನ್ನು ನೀಲಜ್ಜಿ ಎನ್ನುತ್ತೇನೆ. ಕರೂರೆ ಹಕ್ಕಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಬದುಕಿದರೆ ಹೆಚ್ಚು. 1979ರ ಹೊತ್ತಿಗೆ ನೀಲಜ್ಜಿಗೆ ಆಗಲೇ ಎಂಟು-ಒಂಬತ್ತು. ಹಳೆಯ ಜೊತೆಗಾರನೊಂದಿಗೆ ಸಂಸಾರ ಫಲಿಸಲಿಲ್ಲ. ಅವನನ್ನು ಬಿಟ್ಟು ಹಳದಿ ಉಂಗುರದವನ ಜೊತೆ ಗೂಡು ಕಟ್ಟಿದಳು. ಅವನು ಹಳದಿಯಜ್ಜ. 1980ರಲ್ಲಿ ಜಗತ್ತಿನಲ್ಲಿ ಐದು ಕರೂರೆಗಳಿದ್ದಾಗ ಮರಿ ಮಾಡುತ್ತಿದ್ದ ಜೋಡಿ ಇದೊಂದೇ. ವರ್ಷಕ್ಕೆ ಎರಡು ಮೊಟ್ಟೆ. ಅವೆರಡೂ ಗಾಳಿಗೋ ಮಳೆಗೋ ಹೋದರೆ ಮುಂದಿನ ವರ್ಷದವರೆಗೆ ಕಾಯಬೇಕು, ಅಜ್ಜಿ ಅಲ್ಲಿಯವರೆಗೆ ಇದ್ದರೆ.

ಮರ್ಟನ್ ಇಲ್ಲಿ ಮಾಡಿದ್ದು ನಮಗೆ ಹೊಸದಲ್ಲ. ಕಾಗೆ ಕಾವು ಕೊಡುತ್ತದೆ, ಕೋಗಿಲೆ ಮರಿ ಬೆಳೆಯುತ್ತದೆ. ನಮ್ಮ ಹಳೆಯ ಕವಿಗಳು ಕೋಗಿಲೆಯನ್ನು ಪರಪುಷ್ಟ ಎಂದೇ ಕರೆದರು, ಪರರಿಂದ ಪೋಷಣೆಗೊಂಡದ್ದು ಎಂದು. ಮರ್ಟನ್‌ಗೆ ಈ ಉಪಾಯ ಹೊಳೆದದ್ದು ಕಾವ್ಯದಿಂದಲ್ಲ, ಅಜ್ಜಿಯ ಮನೆಯಿಂದ. ಚಿಕ್ಕವನಿದ್ದಾಗ ತಬ್ಬಲಿಯಾದ ಗೋಲ್ಡ್‌ಫಿಂಚ್ ಮರಿಯೊಂದನ್ನು ಅಜ್ಜಿ ಸಾಕಿದ್ದ ಕ್ಯಾನರಿ ಹಕ್ಕಿಯ ಗೂಡಿನಲ್ಲಿ ಇಟ್ಟಿದ್ದನಂತೆ, ಕ್ಯಾನರಿ ಅದನ್ನು ತನ್ನದೆಂದೇ ಸಾಕಿತಂತೆ. ಗೂಡಿನಿಂದ ಮೊಟ್ಟೆ ತೆಗೆದರೆ ತಾಯಿಹಕ್ಕಿ ಕೆಲವು ದಿನಗಳಲ್ಲಿ ಮತ್ತೆ ಎರಡು ಇಡುತ್ತದೆ. ತೆಗೆದ ಮೊಟ್ಟೆಗಳಿಗೆ ಬೇರೆ ಜಾತಿಯ ಸಾಕುತಾಯಿ ಸಿಕ್ಕರೆ ವರ್ಷಕ್ಕೆ ಎರಡರ ಬದಲು ನಾಲ್ಕು, ಅದೃಷ್ಟವಿದ್ದರೆ ಇನ್ನೂ ಹೆಚ್ಚು. ಲೆಕ್ಕವೇನೋ ಸರಳ. ಭೂಮಿಯ ಮೇಲಿನ ಕೊನೆಯ ಫಲವತ್ತಾದ ಜೋಡಿಯ ಗೂಡಿಗೆ ಕೈ ಹಾಕಿ ಮೊಟ್ಟೆ ಕದಿಯುವ ಎದೆಗಾರಿಕೆ ಬೇಕು, ಅಷ್ಟೇ.

ಮೊದಲ ಸಾಕುತಾಯಿ ಅಲ್ಲೇ ಮಾಂಗೆರೆಯಲ್ಲಿದ್ದ ಚಾಥಮ್ ವಾರ್ಬ್ಲರ್. ನಮ್ಮ ಸೂರಕ್ಕಿಯಂತೆ ತೂಗುಗೂಡು ಕಟ್ಟುವ, ಕರೂರೆಗಿಂತ ಚಿಕ್ಕ ಹಕ್ಕಿ. ಮೊಟ್ಟೆಗೆ ಕಾವು ಕೊಟ್ಟಿತು, ಮರಿ ಒಡೆಯಿತು, ಉಣಿಸತೊಡಗಿತು. ಹತ್ತು ದಿನ ಕಳೆಯುವುದರೊಳಗೆ ಮರಿಯ ಹಸಿವು ಸಾಕುತಾಯಿಯ ಶಕ್ತಿಯನ್ನು ಮೀರಿತು. ಎಷ್ಟು ತಂದು ಹಾಕಿದರೂ ಸಾಲದು. ಆ ಮನೆಗೆ ಆ ಮಗು ದೊಡ್ಡದಾಯಿತು.

ಇನ್ನೊಬ್ಬಳು ಇದ್ದಳು: ಟಾಮ್‌ಟಿಟ್. ಕರೂರೆಯದೇ ಕುಲ, ದಾಯಾದಿ ಎನ್ನಬಹುದು. ಆದರೆ ಕರೂರೆಗೆ ಸ್ಪರ್ಧೆಯಾದೀತೆಂದು ಮಾಂಗೆರೆಯಿಂದ ಟಾಮ್‌ಟಿಟ್‌ಗಳನ್ನು ಇಲಾಖೆಯವರೇ ತೆಗೆದುಹಾಕಿದ್ದರು! ಕೌಪೀನದ ಕಥೆ ಇನ್ನೂ ಮುಗಿದಿರಲಿಲ್ಲ ನೋಡಿ. ಹಾಗಾಗಿ ಮೊಟ್ಟೆಗಳೇ ಪ್ರಯಾಣ ಹೊರಟವು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಮೊಟ್ಟೆ, ದೋಣಿಯಲ್ಲಿ ಪೆಟ್ಟಿಗೆ, ದಕ್ಷಿಣ ಸಮುದ್ರದ ಅಲೆಯ ಮೇಲೆ ದೋಣಿ. ಹೋಗುವುದು ಟಾಮ್‌ಟಿಟ್‌ಗಳಿರುವ ರಂಗಟೀರಕ್ಕೆ. ದಾಯಾದಿ ಮಾತ್ರ ಮಾತು ಉಳಿಸಿಕೊಂಡಳು. ಮರಿಗಳು ಬೆಳೆದವು, ಹಾರಿದವು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ ಮರಿ ದೊಡ್ಡದಾದ ಮೇಲೆ ಕಾ ಕಾ ಎನ್ನುವುದಿಲ್ಲ. ವಸಂತ ಬಂದಾಗ ಕುಹೂ ಎಂದೇ ಕೂಗುತ್ತದೆ, ಆ ಕೂಗು ಅದಕ್ಕೆ ಹುಟ್ಟಿನಿಂದಲೇ ಬಂದದ್ದು, ಯಾರೂ ಕಲಿಸಬೇಕಿಲ್ಲ. ಹಾಡುಹಕ್ಕಿಗಳ ಕಥೆ ಬೇರೆ. ಅವು ಮರಿಯಾಗಿದ್ದಾಗ ಸುತ್ತಲಿನ ಹಿರಿಯರ ಹಾಡು ಕೇಳಿ, ಗುನುಗಿ, ತಪ್ಪಿ, ತಿದ್ದಿಕೊಂಡು ಕಲಿಯುತ್ತವೆ. ನಮ್ಮ ಸಂಗೀತದ ಮಕ್ಕಳು ಸರಳೆ ವರಸೆ ಕಲಿತ ಹಾಗೆ. (ನಡುವೆ ಒಂದು ತಮಾಷೆ ಹೇಳಿಬಿಡುತ್ತೇನೆ: ಹಕ್ಕಿವಿಜ್ಞಾನದ ವರ್ಗೀಕರಣದಲ್ಲಿ ಕಾಗೆ ಹಾಡುಹಕ್ಕಿಗಳ ಗುಂಪಿಗೆ ಸೇರುತ್ತದೆ, ಕೋಗಿಲೆ ಸೇರುವುದಿಲ್ಲ. ನಮ್ಮ ಕವಿಗಳು ಈಗ ಇದ್ದಿದ್ದರೆ ಏನೆನ್ನುತ್ತಿದ್ದರೋ!) ಕರೂರೆ ನಿಜವಾದ ಹಾಡುಹಕ್ಕಿ. ಟಾಮ್‌ಟಿಟ್ ಮನೆಯಲ್ಲಿ ಬೆಳೆದ ಕರೂರೆ ಗಂಡು ಟಾಮ್‌ಟಿಟ್ ಹಾಡು ಹಾಡತೊಡಗಿತು. ಅದಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಅಂಥ ಹಕ್ಕಿಗಳು ಪ್ರಾಯಕ್ಕೆ ಬಂದಾಗ ಜೊತೆಗೆ ಹುಡುಕಿದ್ದೂ ಟಾಮ್‌ಟಿಟ್ಟನ್ನೇ. ತಾನು ಯಾರೆಂಬುದನ್ನೇ ಅವು ಸಾಕುಮನೆಯಲ್ಲಿ ಕಲಿತಿದ್ದವು. ಜೀವ ಉಳಿಯಿತು, ಜಾತಿ ಕೈತಪ್ಪುವ ಹಾಗಾಯಿತು.

ಪರಿಹಾರಕ್ಕೆ ಮತ್ತಷ್ಟು ಕೈಚಳಕ ಬೇಕಾಯಿತು. ಟಾಮ್‌ಟಿಟ್ ಬೆಳೆಸಿದ ಮರಿಯನ್ನು ರೆಕ್ಕೆ ಬಲಿತು ಗೂಡು ಬಿಡುವ ಮುನ್ನ ಎತ್ತಿ ಕರೂರೆಯ ಗೂಡಿಗೆ ಮರಳಿಸುವುದು. ಬಾಣಂತನ ದಾಯಾದಿಯ ಮನೆಯಲ್ಲಿ, ವಿದ್ಯಾಭ್ಯಾಸ ಸ್ವಂತ ಮನೆಯಲ್ಲಿ. ಇದು ಫಲಿಸಿತು. ಯಾವ ಗೂಡಿನಲ್ಲಿ ಎಷ್ಟು ದಿನದ ಮೊಟ್ಟೆ, ಯಾವ ಮರಿ ಯಾವ ದಿನ ಎಲ್ಲಿಗೆ ಎಂಬ ಲೆಕ್ಕವನ್ನು ಆ ಜನ ಎರಡು ದ್ವೀಪಗಳ ನಡುವೆ, ಮೊಬೈಲಿಲ್ಲದ ಕಾಲದಲ್ಲಿ, ಗಾಳಿಮಳೆಯ ನಡುವೆ ಇಟ್ಟರು. ನಮ್ಮಲ್ಲಿ ಮದುವೆ ಮನೆಯ ಉಸ್ತುವಾರಿ ಹೊತ್ತವರಿಗೆ ಅದರ ಕಷ್ಟ ಸ್ವಲ್ಪ ಅರ್ಥವಾದೀತು.

ನೀಲಜ್ಜಿ ಕೊನೆಯ ಸಲ ಕಂಡದ್ದು 1983ರ ಕೊನೆಯಲ್ಲಿ. ಆಗ ಅವಳಿಗೆ ಹದಿಮೂರರ ಮೇಲೆ. ಅವಳ ಸಾವನ್ನು ನ್ಯೂಜಿಲೆಂಡಿನ ಸಚಿವರೊಬ್ಬರು ಅಧಿಕೃತವಾಗಿ ಪ್ರಕಟಿಸಿದರು. ಚಾಥಮ್ ವಿಮಾನ ನಿಲ್ದಾಣದಲ್ಲಿ ಅವಳ ನೆನಪಿಗೊಂದು ಫಲಕವಿದೆ. ಇಂದು ಬದುಕಿರುವ ಪ್ರತಿ ಕರೂರೆಯೂ ನೀಲಜ್ಜಿ-ಹಳದಿಯಜ್ಜರ ಸಂತಾನ. 1989ರ ಹೊತ್ತಿಗೆ ಸಂಖ್ಯೆ ನೂರು ದಾಟಿತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಪಡೆಯುತ್ತಾರೆ. ನಾನೂ ತರಗತಿಯಲ್ಲಿ ಹಲವು ವರ್ಷ ಹಾಗೇ ಮಾಡಿದೆ. ನಾನು ಇವತ್ತು ಬಂದಿರುವುದು ಮುಂದಿನ ಭಾಗಕ್ಕಾಗಿ.

1984ರಲ್ಲಿ ಗೂಡು ಪರೀಕ್ಷಿಸಲು ಹೋದವರಿಗೆ ಒಂದು ವಿಚಿತ್ರ ಕಂಡಿತು. ಗೂಡೆಂದರೆ ನಿಮಗೆ ಗೊತ್ತು, ಒಂದು ಪುಟ್ಟ ಬಟ್ಟಲು. ತಳದಲ್ಲಿ ಮೆತ್ತನೆಯ ಹಾಸು. ಒಂದು ಹೆಣ್ಣು ಮೊಟ್ಟೆಯನ್ನು ಬಟ್ಟಲಿನೊಳಗೆ ಇಡದೆ ಅದರ ಅಂಚಿನ ಮೇಲೆ ಇಟ್ಟಿತ್ತು. ಅಂಚಿನ ಮೊಟ್ಟೆಗೆ ತಾಯಿ ಕಾವು ಕೊಡುವುದಿಲ್ಲ, ಒಳಕ್ಕೆ ಉರುಳಿಸಿಕೊಳ್ಳುವುದೂ ಇಲ್ಲ. ಅದು ತಣ್ಣಗಾಗಿ ಕೆಟ್ಟುಹೋಗುತ್ತದೆ, ಇಲ್ಲವೇ ಕೆಳಗೆ ಬೀಳುತ್ತದೆ. ನೀವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಜಾತಿಗೆ ಜಾತಿಯೇ ಬೆರಳೆಣಿಕೆಯಲ್ಲಿದೆ. ಒಂದೊಂದು ಮೊಟ್ಟೆಯೂ ಚಿನ್ನ. ಬೆರಳ ತುದಿಯಿಂದ ಮೆಲ್ಲಗೆ ಒಳಕ್ಕೆ ಸರಿಸುತ್ತೀರಿ. ಅವರೂ ಸರಿಸಿದರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಮನೆಯ ವರಾಂಡದ ತೂಗುಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದ್ದಾಗ ದಿನಕ್ಕೆ ನಾಲ್ಕು ಸಲ ಕುರ್ಚಿ ಹತ್ತಿ ಇಣುಕುತ್ತಿದ್ದೆ. ಬಿಸಿಲು ಬೀಳುತ್ತದೆಂದು ಪೇಪರ್ ಮರೆ ಕಟ್ಟಿದೆ, ಇರುವೆ ಬರುತ್ತದೆಂದು ಅರಿಸಿನ ಉದುರಿಸಿದೆ. “ಅದರ ಸಂಸಾರ ಅದು ಮಾಡಿಕೊಳ್ಳಲಿ, ನೀವು ಕೆಳಗಿಳಿಯಿರಿ” ಎಂದು ಮನೆಯವಳು ರೇಗಿದಳು. ನಾನು ಇಳಿಯಲಿಲ್ಲ. ಮೂರನೆಯ ದಿನ ಪಿಕಳಾರವೇ ಬಿಟ್ಟುಹೋಯಿತು. ಹೀಗಿರುವ ನಾನು ರಂಗಟೀರದ ಆ ಕೆಲಸಗಾರರ ಬೆರಳನ್ನು ದೂರಲಾರೆ.

ಅವರು ಸರಿಸಿದ ಮೊಟ್ಟೆ ಮರಿಯಾಯಿತು. ಮರಿ ಬೆಳೆದು ತಾಯಾಯಿತು. ಆ ತಾಯಿಯೂ ಅಂಚಿಗೆ ಮೊಟ್ಟೆಯಿಟ್ಟಿತು. ಅದನ್ನೂ ಸರಿಸಿದರು. ವರ್ಷ ವರ್ಷಕ್ಕೆ ಅಂಚಿನ ಮೊಟ್ಟೆಗಳು ಹೆಚ್ಚಿದವು. 1989ರ ಹೊತ್ತಿಗೆ ಹೆಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಒಂದಾದರೂ ಮೊಟ್ಟೆಯನ್ನು ಅಂಚಿನಲ್ಲಿ ಇಡುತ್ತಿದ್ದವು. ಅರ್ಧಕ್ಕಿಂತ ಹೆಚ್ಚು! ಇನ್ನು ಕೆಲವು ವರ್ಷ ಹೀಗೇ ನಡೆದಿದ್ದರೆ, ಮನುಷ್ಯ ಬಂದು ಬೆರಳಿನಿಂದ ತಳ್ಳದ ಹೊರತು ಮರಿಯೇ ಆಗದ ಒಂದು ಹಕ್ಕಿ ಜಾತಿಯನ್ನು ನಾವು ತಯಾರಿಸಿಬಿಡುತ್ತಿದ್ದೆವು.

ಏನಾಗಿತ್ತು ಎಂಬುದನ್ನು ಮೆಲನಿ ಮಸಾರೊ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಡಿಸಿ ತೋರಿಸಿದರು. ಅವರ ಕೈಯಲ್ಲಿ ಅಪರೂಪದ ಒಂದು ಆಸ್ತಿಯಿತ್ತು: ಇಡೀ ಜಾತಿಯ ವಂಶವೃಕ್ಷ. ನಮ್ಮ ಹಳ್ಳಿಗಳಲ್ಲಿ ಮನೆತನದ ಹೆಸರುಗಳನ್ನು ಬರೆದಿಡುತ್ತಿದ್ದ ಹಾಗೆ, ಯಾವ ಉಂಗುರದ ಹಕ್ಕಿಗೆ ಯಾವ ಉಂಗುರದ ಹಕ್ಕಿ ಹುಟ್ಟಿತು ಎಂದು ಆ ಕೆಲಸಗಾರರು ಸಾಲು ಸಾಲು ಬರೆದಿಟ್ಟಿದ್ದರು. ಅದರ ಮೇಲೆ ಅಂಚಿನ ಮೊಟ್ಟೆಯ ದಾಖಲೆಗಳನ್ನು ಇಟ್ಟು ನೋಡಿದಾಗ, ಈ ಅಭ್ಯಾಸ ರಕ್ತದಲ್ಲಿ ಇಳಿದು ಬರುತ್ತಿದೆ ಎಂಬುದು ಕಂಡಿತು. ಅದೂ ಪ್ರಬಲ ವಂಶವಾಹಿ: ತಂದೆ ಅಥವಾ ತಾಯಿ, ಯಾರೊಬ್ಬರಿಂದ ಬಂದರೂ ಸಾಕು, ಮಗಳಲ್ಲಿ ಪ್ರಕಟವಾಗುತ್ತದೆ. ಮನುಷ್ಯರಿಲ್ಲದ ಕಾಡಿನಲ್ಲಿ ಇಂಥ ದೋಷ ಹೆಚ್ಚು ದಿನ ಬಾಳುವುದಿಲ್ಲ. ಅಂಚಿನ ಮೊಟ್ಟೆ ಮರಿಯಾಗುವುದಿಲ್ಲ, ದೋಷವೂ ಮೊಟ್ಟೆಯ ಜೊತೆಗೇ ತಣ್ಣಗಾಗುತ್ತದೆ. ಅದಕ್ಕೆ ಕಾವು ಸಿಗುವಂತೆ ಮಾಡಿದ್ದು ನಮ್ಮ ಬೆರಳು.

ಅದಕ್ಕೂ ಮುಂಚೆಯೇ, ಕಾರಣ ಪೂರ್ತಿ ತಿಳಿಯದಿದ್ದರೂ, ಸಂಖ್ಯೆ ನೂರು ದಾಟಿದ ಮೇಲೆ ಇಲಾಖೆಯವರು ಕೈ ಹಿಂದೆಗೆದುಕೊಂಡರು. 1990ರಿಂದ ಮುಂದೆ ಅಂಚಿನ ಮೊಟ್ಟೆಗಳನ್ನು ಮುಟ್ಟಲಿಲ್ಲ. ಇದನ್ನು ಹೇಳುವುದು ಒಂದು ವಾಕ್ಯ. ಮಾಡುವುದೆಂದರೆ, ಒಬ್ಬ ಮನುಷ್ಯ ಗೂಡಿನ ಮುಂದೆ ನಿಂತು, ಒಂದು ಅಂಗುಲ ಸರಿಸಿದರೆ ಬದುಕುವ ಮೊಟ್ಟೆಯನ್ನು ನೋಡಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮುಂದಿನ ಗೂಡಿಗೆ ಹೋಗಬೇಕು. ಹೋಗುವುದಾದರೂ ಹೇಗೆ? ರಂಗಟೀರದ ನೆಲದಡಿಯೆಲ್ಲ ಕಡಲಹಕ್ಕಿಗಳ ಬಿಲ. ಸುಮ್ಮನೆ ನಡೆದರೆ ಕಾಲು ಕುಸಿದು ಒಳಗಿನ ಹಕ್ಕಿ, ಮರಿ ಎಲ್ಲ ಅಪ್ಪಚ್ಚಿ. ಅದಕ್ಕೆಂದು ಬೂಟಿನಡಿಗೆ ಪ್ಲೈವುಡ್ ಹಲಗೆ ಕಟ್ಟಿಕೊಂಡು, ಭಾರ ಹಂಚಿಹೋಗುವ ಹಾಗೆ, ಬಾತುಕೋಳಿಯಂತೆ ಅಡ್ಡಡ್ಡ ಹೆಜ್ಜೆ ಹಾಕುತ್ತಾರೆ. ಪಾದದಡಿಯ ಕಾಣದ ಮರಿಗೆ ನೋವಾಗಬಾರದೆಂದು ಹಲಗೆ ಕಟ್ಟಿಕೊಂಡ ಅದೇ ಮನುಷ್ಯ, ಕಣ್ಣೆದುರಿನ ಮೊಟ್ಟೆಯನ್ನು ತಣ್ಣಗಾಗಲು ಬಿಟ್ಟು ಹೋಗಬೇಕು. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಕಷ್ಟದ ಕೆಲಸ ಇದೇ ಎನಿಸುತ್ತದೆ, ಬಂಡೆ ಇಳಿದದ್ದಕ್ಕಿಂತ. ಬಂಡೆ ಇಳಿದವರ ಚಿತ್ರಗಳಿವೆ. ಮುಟ್ಟದೆ ಹೋದವರ ಚಿತ್ರವನ್ನು ಯಾರು ತೆಗೆಯುತ್ತಾರೆ?

2011ರ ಹೊತ್ತಿಗೆ ಅಂಚಿನಲ್ಲಿ ಮೊಟ್ಟೆಯಿಡುವ ಹೆಣ್ಣುಗಳ ಪ್ರಮಾಣ ಶೇಕಡ 9ಕ್ಕೆ ಇಳಿದಿತ್ತು. ಡಾನ್ ಮರ್ಟನ್ ತೀರಿಕೊಂಡದ್ದೂ ಅದೇ ವರ್ಷ. ಇಂದು ಮಾಂಗೆರೆ ಮತ್ತು ರಂಗಟೀರಗಳಲ್ಲಿ ಒಟ್ಟು ಸುಮಾರು ಇನ್ನೂರೈವತ್ತರಿಂದ ಮುನ್ನೂರು ಕರೂರೆಗಳಿವೆ. ಪಿಟ್ ದ್ವೀಪದಲ್ಲಿ ಮೂರನೆಯ ನೆಲೆ ಮಾಡಲು ನೋಡಿದರು, ಅದು ಹಿಡಿಯಲಿಲ್ಲ. ಹುಟ್ಟಿದ ಬಂಡೆಯಾದ ಲಿಟಲ್ ಮಾಂಗೆರೆಯಲ್ಲಿ ಈಗ ಅವು ಇಲ್ಲ.

ಮೂರು ಪ್ರಶ್ನೆಗಳು.

ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: “ಎಲ್ಲವೂ ಒಂದೇ ಜೋಡಿಯ ಸಂತಾನ ಎಂದಿರಿ. ನಾವು ಸಗೋತ್ರದಲ್ಲಿ ಹೆಣ್ಣು ತರುವುದಿಲ್ಲ. ಇವು ಅಣ್ಣ-ತಂಗಿಯರೇ ಕೂಡಿದ ಹಾಗಾಯಿತಲ್ಲ ಸ್ವಾಮಿ, ರೋಗರುಜಿನ ಬರುವುದಿಲ್ಲವೇ?”

ಒಳ್ಳೆಯ ಪ್ರಶ್ನೆ ಸರ್. ಡಿಎನ್ಎ ಪರೀಕ್ಷೆ ಮಾಡಿದಾಗ ಒಂದು ಕರೂರೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತೀರ ಕಡಿಮೆ ಎಂದು ಕಂಡಿದೆ. ಹಾಗಿದ್ದೂ ಅವು ಕುಗ್ಗಿ ನಶಿಸಲಿಲ್ಲ. ಒಂದು ಕಾರಣ ಹೀಗಿರಬಹುದು: ಏಳು ದಶಕ ಒಂದೇ ಬಂಡೆಯ ಮೇಲೆ ಸಗೋತ್ರದಲ್ಲೇ ಬಾಳಿದ ಹಕ್ಕಿಗಳವು, ತೀರ ಮಾರಕವಾದ ದೋಷಗಳು ಆಗಲೇ ಜಾಲಿಸಿ ಹೋಗಿದ್ದಿರಬಹುದು. ಆದರೆ ನಾಳೆ ಹೊಸ ರೋಗವೊಂದು ಬಂದರೆ, ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುವ ಅಪಾಯವಿದೆ. ಆ ದ್ವೀಪಕ್ಕೆ ಹೋಗುವವರ ಕಾಲುಚೀಲದಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನೂ ಬಿಡದೆ ತಪಾಸಣೆ ಮಾಡುವುದರ ಹಿಂದೆ ಈ ಹೆದರಿಕೆಯೂ ಇದೆ.

ಏಳನೆಯ ತರಗತಿಯ ಹುಡುಗನೊಬ್ಬ: “ಸರ್, ಟಾಮ್‌ಟಿಟ್ ಹಾಡು ಕಲಿತ ಹಕ್ಕಿಗಳು ಆಮೇಲೆ ಏನಾದವು?”

ಕೆಲವು ಟಾಮ್‌ಟಿಟ್‌ಗಳ ಜೊತೆಗೇ ಸಂಸಾರ ಮಾಡಿದವು, ಮಿಶ್ರ ಸಂತಾನವೂ ಆಯಿತು ಮರಿ. ತಪ್ಪು ಅವುಗಳದ್ದಲ್ಲ. ಉಣಿಸಿದವರ ಭಾಷೆ ಕಲಿತವು, ಅಷ್ಟೇ.

ಕೊನೆಯದು, ಬಾಗಿಲ ಬಳಿ ನಿಂತೇ ಕೇಳಿದ ಒಬ್ಬ ಕಾಲೇಜು ಹುಡುಗಿಯದು: “ಇಪ್ಪತ್ತು ವರ್ಷ ಯಾರೂ ಮೊಟ್ಟೆ ತಳ್ಳಲಿಲ್ಲ ಎಂದಿರಿ. ಹಾಗಾದರೆ ಆ ಶೇಕಡ 9 ಯಾಕೆ ಉಳಿಯಿತು? ಸೊನ್ನೆ ಆಗಬೇಕಿತ್ತಲ್ಲ?”

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ನೀವು ನನ್ನ ತರಗತಿಯಲ್ಲಿ ಇರಬೇಕಿತ್ತಮ್ಮ. ಒಂದು ಕಾರಣ, ಈ ದೋಷವಿರುವ ಹೆಣ್ಣು ತನ್ನ ಎಲ್ಲ ಮೊಟ್ಟೆಗಳನ್ನೂ ಅಂಚಿಗೇ ಇಡಬೇಕೆಂದಿಲ್ಲ. ಒಂದು ಅಂಚಿನಲ್ಲಿ, ಇನ್ನೊಂದು ಒಳಗೆ. ಒಳಗಿನದು ಮರಿಯಾಗುತ್ತದೆ, ಆ ಮರಿಗೆ ದೋಷ ಇಳಿದಿರಲೂಬಹುದು. ಇನ್ನೊಂದು ಕಾರಣ ಗಂಡುಗಳು. ಅವುಗಳ ರಕ್ತದಲ್ಲೂ ಆ ವಂಶವಾಹಿ ಇರಬಹುದು, ಮಗಳಿಗೆ ದಾಟಿಸಬಹುದು. ಆದರೆ ಯಾವ ಗಂಡಿನಲ್ಲಿದೆ ಎಂದು ಗೂಡು ನೋಡಿ ಹೇಳುವುದು ಸಾಧ್ಯವೇ ಇಲ್ಲ. ಗಂಡು ಮೊಟ್ಟೆ ಇಡುವುದಿಲ್ಲವಲ್ಲ.